ತೊಂಬತ್ತು ದಿನದ ಕ್ಯೂರಿಂಗ್

ಅವನ ಕಾಂಕ್ರೀಟು ಪುಡಿಯಾಗುವುದನ್ನು ಕಣ್ಣಾರೆ ನೋಡಬೇಕೆಂದು ನಾನು ಆರು ವರ್ಷ ಕಾದಿದ್ದೆ. ಅವನದು ಎಂದರೆ ಅವನ ಅಪ್ಪನದು. ಆದರೆ ಆ ಸೋಮವಾರ ಕುಂದಾಪುರದಲ್ಲಿ ಕಾಂಕ್ರೀಟು ಪರೀಕ್ಷಿಸುವ ನಮ್ಮ ಲ್ಯಾಬಿನ ಬಾಗಿಲಿಗೆ ಬಂದು ನಿಂತವನು ಮಗ. ಸಿಟ್ಟು ಅಷ್ಟೆಲ್ಲ ವ್ಯತ್ಯಾಸ ನೋಡುವುದಿಲ್ಲ.

ಮೊದಲು ಅವನು ಯಾರೆಂದು ಗೊತ್ತಿರಲಿಲ್ಲ. ಎಂಟೆಂಟು ಕಿಲೋದ ಕಾಂಕ್ರೀಟ್ ಕ್ಯೂಬುಗಳನ್ನು ಆಟೋದಿಂದ ಎರಡೆರಡಾಗಿ ಎದೆಗೆ ಅವಚಿಕೊಂಡು ಒಳಗೆ ತರುತ್ತಿದ್ದ. ಬೆವರಿದ ಶರ್ಟು, ಎಡಗೆನ್ನೆಯ ಮೇಲೆ ಒಣಗಿದ ಸಿಮೆಂಟಿನ ಒಂದು ಗೀಟು.

“ಹ್ವಾಯ್ ಮೇಡಂ, ಇದನ್ನ್ ಎಲ್ಲಿ ಇಡುದ್?”

“ನೆಲದ್ ಮೇಲೆ. ಹೊತ್ಕಂಡೇ ನಿಲ್ಲಿ ಅಂದೇಳಿ ನಾನೆಂತ ಹೇಳ್ಲಿಲ್ಲೆ.”

ಅವನು ನಕ್ಕ. ನಕ್ಕಾಗ ಆ ಸಿಮೆಂಟಿನ ಗೀಟು ಬಿರಿದು ಒಂದು ಚೂರು ಉದುರಿತು. ನಾನು ಅದನ್ನು ಗಮನಿಸಿದೆ. ಯಾಕೆ ಗಮನಿಸಿದೆ ಎಂದು ಆಮೇಲೆ ನನ್ನನ್ನೇ ಬೈದುಕೊಂಡೆ.

ಫಾರ್ಮು ತುಂಬಲು ಕೂತೆ.

“ಹೆಸ್ರ್?”

“ವಿಶಾಲ್.”

“ಕಂಟ್ರಾಕ್ಟ್ ಯಾರ್ ಹೆಸ್ರಿಗೆ?”

“ಅಪ್ಪಯ್ಯನ್ ಹೆಸ್ರಿಗೆ. ರತ್ನಾಕರ ಅಂದೇಳಿ. ಕುಂದಾಪ್ರದಗ್ ಎಲ್ಲರಿಗೂ ಗೊತ್ತಿತ್ತ್.”

ಪೆನ್ನು ಕೈಯಲ್ಲೇ ನಿಂತಿತು. ಕ್ಯೂಬು ತೊಳೆಯುವುದರಿಂದ ಹಿಡಿದು ಚಾ ಮಾಡುವವರೆಗೆ ನಮ್ಮ ಲ್ಯಾಬನ್ನು ನಡೆಸುವ ಪದ್ದಕ್ಕ ನನ್ನ ಮುಖ ನೋಡಿ ಬಕೆಟ್ಟು ಕೆಳಗಿಟ್ಟಳು. ಅವಳೂ ನನ್ನ ಹಾಗೆ ಕಡಲ ದಡದ ಕೋಡಿಯವಳು. ಆ ಹೆಸರು ಕೇಳಿದರೆ ಕೋಡಿಯಲ್ಲಿ ಯಾರಿಗಾದರೂ ನಮ್ಮ ಮನೆ ನೆನಪಾಗುತ್ತದೆ.

ಅವನು ಮಾತಾಡುತ್ತಲೇ ಇದ್ದ. ಹೈವೇ ಅಗಲ ಮಾಡುವಾಗ ಬೈಂದೂರಿನಿಂದ ಬ್ರಹ್ಮಾವರದವರೆಗೆ ಒಡೆದ ಕಟ್ಟಡಗಳಿಗೆ ಲೆಕ್ಕವಿಲ್ಲ, ಆ ಹಳೆ ಕಾಂಕ್ರೀಟನ್ನು ಹೊಂಡಕ್ಕೆ ಸುರಿಯುವ ಬದಲು ಪುಡಿ ಮಾಡಿ ಜಲ್ಲಿ ಮಾಡಿದರೆ ಗುಡ್ಡ ಒಡೆಯುವ ಕೆಲಸ ಉಳಿಯುತ್ತದೆ, ಹೀಗೆ.

“ಮರವಂತಿಯಗ್ ಐವತ್ತ್ ಮೀಟರ್ ಕಡಲ್ ತಡೆಗೋಡಿ ಅದ್ರಗೇ ಕಟ್ಟುಕ್ ಹೊರ್ಟಿದ್ದೆ. ನಿಮ್ಮ್ ರಿಪೋರ್ಟ್ ಇಲ್ದಿರೆ ಆತಿಲ್ಲೆ.”

“ಆತಿಲ್ಲೆ,” ಎಂದೆ, ಅವನ ಕಣ್ಣನ್ನೇ ನೋಡುತ್ತಾ. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ನನ್ನ ಅಪ್ಪಯ್ಯ ಚೆನ್ನಯ್ಯ. ದೋಣಿಯ ಮನೆತನದಲ್ಲಿ ಹುಟ್ಟಿ ಕರಣೆ ಹಿಡಿದ ಮೇಸ್ತ್ರಿ. ಒಂಬತ್ತು ವರ್ಷದ ಹಿಂದೆ ಕೋಡಿಯ ಮೀನು ಹರಾಜಿನ ಕಟ್ಟೆಗೆ ಕಾಂಕ್ರೀಟಿನ ಮಾಡು, ಅಂದರೆ ಚಾವಣಿ, ಹಾಕುವ ಕೆಲಸವನ್ನು ರತ್ನಾಕರ ಹಿಡಿದಾಗ, ಅಪ್ಪಯ್ಯನೇ ಮೇಸ್ತ್ರಿ. ಮೂರನೆಯ ಮಳೆಗಾಲಕ್ಕೆ ಒಳಗಿನ ರಾಡು ತುಕ್ಕು ಹಿಡಿದು ಉಬ್ಬಿತು. ಮಾಡು ತುಂಡು ತುಂಡಾಗಿ ಕಳಚಿ ಮೀನಿನ ಬುಟ್ಟಿಗಳ ಮೇಲೆ ಬಿತ್ತು. ಯಾರ ತಲೆಯೂ ಒಡೆಯಲಿಲ್ಲ ಎನ್ನುವುದೊಂದೇ ಪುಣ್ಯ. ಮಾರನೆಯ ಬೆಳಿಗ್ಗೆ ತುಂಬಿದ ಹರಾಜಿನ ನಡುವೆ ರತ್ನಾಕರ ಕಟ್ಟೆ ಹತ್ತಿ ಕೂಗಿದರು: “ಸಿಮೆಂಟ್ ಕದ್ದದ್ ಚೆನ್ನಯ್ಯ!”

ನಮ್ಮ ಕಟ್ಟೆಗೆ ಒಂದು ಕ್ರಮವಿದೆ. ಅಲ್ಲಿ ಕೂಗಿದ ಮಾತಿಗೆ, ಹರಾಜು ಕೂಗುವವರು ಮೂರು ಎಣಿಸುವುದರೊಳಗೆ ಎದುರು ಕೂಗು ಬರಬೇಕು. ಬಾರದಿದ್ದರೆ ಆ ಮಾತು ಸತ್ಯವೆಂದು ನಿಂತ ಹಾಗೆ. ಬಂಗುಡೆಯ ಬುಟ್ಟಿಗೂ ಅದೇ, ಬಲೆ ಹರಿದ ಜಗಳಕ್ಕೂ ಅದೇ. ಆ ದಿನ ಹರಾಜು ಕೂಗುವ ಕರಿಯಣ್ಣ ಮೂರು ಎಣಿಸಿದರು. ಅಪ್ಪಯ್ಯನಿಗೆ ಬಾಯಿ ಬರಲಿಲ್ಲ. ಹತ್ತೊಂಬತ್ತು ವರ್ಷದ ನಾನು ಗುಂಪಿನ ಹಿಂದೆ ನಿಂತು ಅವರ ತುಟಿ ನಡುಗುವುದನ್ನು ನೋಡಿದೆ. ಅಂದಿನಿಂದ ಅವರನ್ನು ಯಾರೂ ಕೆಲಸಕ್ಕೆ ಕರೆದಿಲ್ಲ. ಈಗ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಾರೆ. ಕರಣೆಯನ್ನು ಮಾಡಿನ ಸಂದಿಗೆ ಸಿಕ್ಕಿಸಿಟ್ಟಿದ್ದಾರೆ.

ಬೇರೆಯವರು ಸಿವಿಲ್ ಡಿಪ್ಲೊಮಾ ಓದುವುದು ಮನೆ ಕಟ್ಟಲಿಕ್ಕೆ. ನಾನು ಓದಿದ್ದು ಸೇಡಿಗೆ. ಕಾಂಕ್ರೀಟು ಹೇಗೆ ಹಾಳಾಗುತ್ತದೆ ಎಂಬ ಪಾಠ ಬಂತೆಂದರೆ ಮುಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದೆ.

ಇಪ್ಪತ್ತೆಂಟನೆಯ ದಿನ ವಿಶಾಲ್ ಬಂದ. ಅಷ್ಟು ದಿನ ಕ್ಯೂಬುಗಳು ನೀರಿನ ತೊಟ್ಟಿಯಲ್ಲಿ ಮುಳುಗಿ ಕ್ಯೂರಿಂಗ್ ಆಗಬೇಕು. ಅವಧಿಗೆ ಒಂದು ದಿನ ಮುಂಚೆಯೂ ನಾನು ಯಾರ ಕ್ಯೂಬನ್ನೂ ಮೆಷಿನ್ನಿಗೆ ಇಟ್ಟವಳಲ್ಲ. ಎಂಥೆಂಥವರು ಫೋನು ಮಾಡಿಸಿದರೂ ಇಟ್ಟಿಲ್ಲ. ಅದಕ್ಕೇ ಈ ಮೂರು ತಾಲೂಕಿನ ಕಂಟ್ರಾಕ್ಟರುಗಳು ನನಗೆ ಬೆನ್ನ ಹಿಂದೆ ಏನೇನೋ ಹೆಸರಿಟ್ಟಿದ್ದಾರೆ.

ಮೆಷಿನ್ನು ಒತ್ತತೊಡಗಿತು. ಒಡೆಯಲಿ, ಈಗಲೇ ಒಡೆಯಲಿ ಎಂದು ಹಲ್ಲು ಕಚ್ಚಿ ನಿಂತೆ. ಮುಳ್ಳು ಬೇಕಾದ ಗೆರೆ ದಾಟಿ, ಇನ್ನೂ ಮುಂದೆ ಹೋಗಿ, ಆಮೇಲೆ ಕ್ಯೂಬು ಒಡೆಯಿತು.

“ಪಾಸಾ?” ಅವನು ಕಣ್ಣರಳಿಸಿದ.

“ಗಟ್ಟಿ ಇತ್ತ್. ಗಟ್ಟಿ ಇಪ್ದೆಲ್ಲ ಬಾಳಿಕಿ ಬತ್ತಿಲ್ಲೆ.”

ಒಡೆದ ಮೈಗೆ ಸಿಲ್ವರ್ ನೈಟ್ರೇಟ್ ಸಿಂಪಡಿಸಿದೆ. ಅದು ಉಪ್ಪಿದ್ದಲ್ಲಿ ಬೆಳ್ಳಗಾಗುತ್ತದೆ, ಇಲ್ಲದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಸ ಸಿಮೆಂಟೆಲ್ಲ ಕಂದಾಯಿತು. ನಡುನಡುವೆ ಹಳೆ ಜಲ್ಲಿಗೆ ಅಂಟಿಕೊಂಡು ಬಂದ ಹಳೆ ಗಾರೆ ಮಾತ್ರ ಬೆಳ್ಳಗೆ ಚುಕ್ಕಿ ಚುಕ್ಕಿಯಾಗಿ ಎದ್ದಿತು. ಇದರೊಳಗೆ ರಾಡು ಇಟ್ಟರೆ ಅದನ್ನು ತಿನ್ನಲಿಕ್ಕೆ ಹೊರಗಿನ ಸಮುದ್ರ ಬೇಕಿಲ್ಲ, ಒಳಗಿನ ಉಪ್ಪೇ ಸಾಕು.

“ಫೇಲ್,” ಎಂದೆ. ಆ ಶಬ್ದ ಬಾಯಲ್ಲಿ ಬೆಲ್ಲದ ಹಾಗೆ ಕರಗಿತು.

ಅವನು ವಾದಿಸುತ್ತಾನೆ, ಅಪ್ಪನ ಹೆಸರು ಹೇಳಿ ಹೆದರಿಸುತ್ತಾನೆ ಎಂದು ಕಾದೆ. ಅವನು ಬಗ್ಗಿ ಆ ಬಿಳಿ ಚುಕ್ಕಿಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದ.

“ಕಲ್ಲಿಂದೇ ತಪ್ಪ್, ಅಲ್ದಾ?”

“ಎಲ್ಲಿ ಕಲ್ಲ್ ಇದ್?”

ಅವನು ಚೀಲದಿಂದ ತೆಂಗಿನಕಾಯಿ ಗಾತ್ರದ ಹಳೆ ಕಾಂಕ್ರೀಟಿನ ಗಡ್ಡೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. “ಕೋಡಿ ಮೀನ್ ಶೆಡ್ಡಿದ್. ಬಿದ್ದದ್ ರಾಶಿ ಅಲ್ಲೇ ಇದ್ದಿತ್, ನಾನೇ ಹೊರ್ಸ್ಕಂಡ್ ಬಂದೆ. ಇದ್ ತೊಲೆದ್ ತುಂಡ್. ಇದನ್ನೂ ಕಾಣಿ ಮೇಡಂ.”

ಅವನು ಹೋದ ಮೇಲೆ ಆ ಗಡ್ಡೆಯನ್ನು ಸೀಳಿದೆ. ಒಳಮೈಗೂ ಸಿಲ್ವರ್ ನೈಟ್ರೇಟ್ ಸಿಂಪಡಿಸಿದೆ. ಉಪ್ಪು ಹೊರಗಿನಿಂದ ಬಂದದ್ದಾದರೆ ಹೊರಮೈಯಲ್ಲಿ ಹೆಚ್ಚು, ಒಳಗೆ ಹೋದ ಹಾಗೆ ಕಡಿಮೆ ಇರುತ್ತದೆ. ಇದು ಸಿಪ್ಪೆಯಿಂದ ತಿರುಳಿನವರೆಗೆ ಒಂದೇ ಸಮ ಬಿಳಿ. ಕಲಸುವಾಗಲೇ ಉಪ್ಪಿತ್ತು. ಅಳಿವೆಯ ಹೊಯ್ಗೆಯನ್ನು, ಸಮುದ್ರದ ಉಪ್ಪು ಕುಡಿದ ಆ ಮರಳನ್ನು, ತೊಳೆಯದೆ ಹಾಗೇ ಸುರಿದಿದ್ದರು. ಸಿಮೆಂಟಿನ ಪ್ರಮಾಣವನ್ನೂ ಪರೀಕ್ಷೆ ಮಾಡಿದೆ. ಎಷ್ಟು ಬೇಕೋ ಅಷ್ಟೂ ಇತ್ತು.

ಸಿಮೆಂಟು ಹಾಕುವವರು ಮೇಸ್ತ್ರಿ. ಹೊಯ್ಗೆ ತರಿಸುವವರು ಕಂಟ್ರಾಕ್ಟರ್. ನಾನು ರಿಪೋರ್ಟು ಬರೆದು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ.

“ಈಗ್ಳೇ ಕೊಂಡ್ಹೋಯಿ ತೋರ್ಸ್ ಹೆಣ್ಣೆ,” ಎಂದಳು ಪದ್ದಕ್ಕ.

“ಇಲ್ಲೆ ಪದ್ದಕ್ಕ. ಮಗ ಇನ್ನೊಂದ್ ಸಲ ಕಾಂಕ್ರೀಟ್ ತರ್ಲಿ, ಇನ್ನೂ ಸಲ್ಪ ಆಸಿ ಪಡ್ಲಿ. ಗೋಡಿ ಕಟ್ಟುಕ್ ಗುದ್ದಲಿ ಎತ್ತು ದಿನ ಎರಡೂ ರಿಪೋರ್ಟ್ ಒಟ್ಟಿಗೇ ಕೊಡ್ತೆ. ಮಗನ್ ಕಾಂಕ್ರೀಟೂ ಫೇಲ್, ಅಪ್ಪನ್ ಮಾತೂ ಫೇಲ್.”

ಪದ್ದಕ್ಕ ನೆಲ ಒರೆಸತೊಡಗಿದಳು.

ಎರಡನೆಯ ಸಲಕ್ಕೆ ಅವನು ಕೊಕ್ಕರ್ಣೆಯಲ್ಲಿ ಒಡೆದ ಹಳೆ ಅಕ್ಕಿ ಮಿಲ್ಲಿನ ಕಾಂಕ್ರೀಟು ಹಿಡಿದ. ಸಮುದ್ರದ ಗಾಳಿಯೂ ಸೋಕದ ಊರು. ಹಳೆ ಗಾರೆ ಹೆಚ್ಚು ನೀರು ಕುಡಿಯುತ್ತದೆ, ಜಲ್ಲಿಯನ್ನು ಮೊದಲೇ ಸಿಹಿನೀರಿನಲ್ಲಿ ನೆನೆಸಿ, ಸಿಮೆಂಟಿಗೆ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿ ಬೆರೆಸಿ ಎಂದೆ. ಸರಿಯಾದ ದಾರಿ ಹೇಳಿ ಬೀಳಿಸಿದರೆ ನಾಳೆ ಯಾರೂ ನನ್ನ ಮೇಲೆ ಬೆರಳು ತೋರಿಸುವ ಹಾಗಿಲ್ಲ, ಅದಕ್ಕೆ.

“ತೊಂಬತ್ತ್ ದಿನ ಆಯ್ಕ್. ಆಮೇಲೆ ಉಪ್ಪಿನ್ ಪರೀಕ್ಷಿ.”

“ತೊಂಬತ್ತಾ? ಬೇರೆ ಯಾರಿಗೂ ಅಷ್ಟ್ ಹೇಳ್ತಿಲ್ಲ್ಯಲೆ ನೀವ್?”

“ನಿಮ್ಗ್ ಹೇಳ್ತೆ.”

“ಹಂಗಾರೆ ನಾನ್ ನಿಮ್ಗ್ ವಿಶೇಷ,” ಎಂದು ಹೇಳಿ, ನಾನು ತಲೆ ಎತ್ತುವುದರೊಳಗೆ ಬಾಗಿಲು ದಾಟಿದ್ದ.

ಆ ತೊಂಬತ್ತು ದಿನದಲ್ಲಿ ಅವನು ಬಂದದ್ದೆಷ್ಟು ಸಲ! ತೊಟ್ಟಿಯ ನೀರು ಬಿಸಿಯಾಗಿದೆಯೇ ಎಂದು ಕೇಳಲು ಒಮ್ಮೆ. ಕ್ಯೂಬಿನ ಮೇಲೆ ಬರೆದ ತಾರೀಕು ಅಳಿಸಿದೆಯೇ ಎಂದು ನೋಡಲು ಒಮ್ಮೆ. ಒಂದು ದಿನ ಏನೂ ಕಾರಣ ಸಿಗದೆ, “ಹ್ವಾಯ್, ಸುಮ್ನೆ ಬಂದೆ,” ಎಂದ. ನಾನು ರಿಜಿಸ್ಟರಿನಿಂದ ಕಣ್ಣೆತ್ತಲಿಲ್ಲ. ಆದರೆ ಅವನ ಚಪ್ಪಲಿಯ ಸದ್ದು ಆಟೋ ಸ್ಟ್ಯಾಂಡಿನ ಗಲಾಟೆಯಲ್ಲೂ ಬೇರೆಯಾಗಿ ಕೇಳುತ್ತಿತ್ತು. ಅದು ಕೇಳಿದೊಡನೆ ನನ್ನ ಕೈ ತಾನಾಗಿ ಕೂದಲು ಸರಿಮಾಡಿಕೊಳ್ಳುತ್ತಿತ್ತು. ಆ ಕೈಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮೋಸ ಮಾಡುತ್ತಿರುತ್ತಾನೆ, ಹಿಡಿಯಬೇಕು ಎಂದುಕೊಂಡು ಒಂದು ದಿನ ಹೇಳದೆ ಕೇಳದೆ ಕೊಕ್ಕರ್ಣೆಯ ಅವನ ಯಾರ್ಡಿಗೆ ಹೋದೆ. ಅವನು ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಜಲ್ಲಿಯ ರಾಶಿಯಿಂದ ಇಟ್ಟಿಗೆ ಚೂರು, ಮರದ ಸಿಬಿರು ಆರಿಸುತ್ತಿದ್ದ. ನನ್ನನ್ನು ನೋಡಲಿಲ್ಲ. ಆಗಷ್ಟೇ ಹೊಯ್ಗೆಯ ಟಿಪ್ಪರು ಬಂತು. ಅವನು ಎದ್ದು ಹೋಗಿ ಒಂದು ಚಿಟಿಕೆ ಹೊಯ್ಗೆಯನ್ನು ನಾಲಿಗೆಗೆ ಹಾಕಿಕೊಂಡು, ಕಣ್ಣು ಮುಚ್ಚಿ ರುಚಿ ನೋಡಿ, ಉಗುಳಿದ.

ಹೊಯ್ಗೆಯನ್ನು ನಾಲಿಗೆಯಲ್ಲಿ ಪರೀಕ್ಷಿಸುವವರನ್ನು ನಾನು ಈವರೆಗೆ ಒಬ್ಬರನ್ನೇ ಕಂಡಿದ್ದೆ.

“ಅದನ್ನ್ ಯಾರ್ ಕಲ್ಸಿದ್ ನಿಮ್ಗೆ?”

ಅವನು ಬೆಚ್ಚಿ ತಿರುಗಿದ. ಮುಖದಲ್ಲಿ ನಗು ಬಂತು, ಆಮೇಲೆ ಹೋಯಿತು. “ಒಬ್ರ್ ದೊಡ್ಡ್ ಮೇಸ್ತ್ರಿ,” ಎಂದ. “ಹೆಸ್ರ್ ಹೇಳುವಷ್ಟ್ ಯೋಗ್ಯತಿ ನಂಗಿಲ್ಲೆ.”

ಬಸ್ಸಿನಲ್ಲಿ ವಾಪಸು ಬರುವಾಗ ಬ್ರಹ್ಮಾವರದವರೆಗೂ ನನಗೆ ಅಳು. ಪ್ರೀತಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ? ಬಂದದ್ದು ಆ ಮನೆಯವನ ಮೇಲೆ ಎಂಬುದಕ್ಕೆ ಅಳು. ಕುಂದಾಪುರ ಮುಟ್ಟುವ ಹೊತ್ತಿಗೆ ಕಣ್ಣೊರೆಸಿಕೊಂಡೆ. ಪ್ರೀತಿ ಇದ್ದರೆ ಇರಲಿ, ಡ್ರಾಯರಿನ ಬೀಗ ತೆಗೆಯುವ ದಿನ ಬದಲಾಗುವುದಿಲ್ಲ ಎಂದು ನಿರ್ಧಾರ ಮಾಡಿದೆ.

ತೊಂಬತ್ತನೆಯ ದಿನ. ಉಪ್ಪಿನ ಪರೀಕ್ಷೆಗೆ ಕಾಂಕ್ರೀಟಿನ ಎರಡಂಗುಲ ದಪ್ಪದ ಬಿಲ್ಲೆಯೊಂದರ ಒಂದು ಬದಿಗೆ ಉಪ್ಪುನೀರು ಹಾಕಿ, ಅರವತ್ತು ವೋಲ್ಟ್ ಕರೆಂಟು ಕೊಟ್ಟು ಆರು ತಾಸು ಬಿಡಬೇಕು. ಎಷ್ಟು ಕರೆಂಟು ದಾಟಿತೋ ಅಷ್ಟು ಉಪ್ಪು ದಾಟೀತು ಎಂದು ಲೆಕ್ಕ. ಆ ಅಂಕಿ ನಾಲ್ಕು ಸಾವಿರದ ಮೇಲೆ ಬಂದರೆ ಆ ಕಾಂಕ್ರೀಟು ಸಮುದ್ರದ ದಡಕ್ಕೆ ಕಸ. ಸಾವಿರದೊಳಗೆ ಬಂದರೆ ಚಿನ್ನ. ಬೆಳಿಗ್ಗೆ ಒಂಬತ್ತಕ್ಕೆ ಸ್ವಿಚ್ಚು ಹಾಕಿದೆ.

ಅವನು ಎದುರಿನ ಸ್ಟೂಲಿನಲ್ಲಿ ಕೂತ. ಅರ್ಧ ತಾಸಿಗೊಮ್ಮೆ ನಾನು ಅಂಕಿ ಬರೆಯುತ್ತಿದ್ದೆ. ಅವನು ಅಂಕಿಯನ್ನು ನೋಡುತ್ತಿರಲಿಲ್ಲ, ಬರೆಯುವ ಬೆರಳನ್ನು ನೋಡುತ್ತಿದ್ದ. ನಾನು ಕಣ್ಣೆತ್ತಿದರೆ ಗೋಡೆಯ ಕ್ಯಾಲೆಂಡರಿಗೆ ಹಾರುತ್ತಿದ್ದ.

“ಕ್ಯಾಲೆಂಡರಗ್ ಎಂತ ಇತ್ತ್?”

“ಸಂಕಷ್ಟಿ ಯಾವತ್ತ್ ಅಂದೇಳಿ ಕಾಂತಿದ್ದೆ.”

“ಇವತ್ತೇ. ನಿಮ್ಗೆ.”

ಪದ್ದಕ್ಕ ಚಾ ತಂದಿಟ್ಟು, ಇಬ್ಬರನ್ನೂ ನೋಡಿ, ನಗು ಬಾರದಂತೆ ತುಟಿ ಬಿಗಿಹಿಡಿದು ಒಳಗೆ ಹೋದಳು.

ಮೂರು ಗಂಟೆಗೆ ಸ್ವಿಚ್ಚು ಆರಿಸಿ ಲೆಕ್ಕ ಹಾಕಿದೆ. ನಂಬಿಕೆ ಬರದೆ ಮತ್ತೆ ಹಾಕಿದೆ. ಆರು ವರ್ಷದ ನನ್ನ ಸಿಟ್ಟೆಲ್ಲ ಪೆನ್ನಿನ ತುದಿಗೆ ಬಂದು ಕೂತರೂ ಅಂಕಿ ಬದಲಾಗಲಿಲ್ಲ. ಒಂಬೈನೂರ ನಲವತ್ತು.

“ಪಾಸ್,” ಎಂದೆ. ಈ ಸಲ ಬಾಯಿ ಕಹಿಯಾಯಿತು. ಕಹಿಯ ಅಡಿಯಲ್ಲಿ ಎಲ್ಲೋ ಒಂದು ಸಂತೋಷ ಹಾಳಾದ್ದು ಕುಣಿಯುತ್ತಲೂ ಇತ್ತು. ಅದು ಮುಖಕ್ಕೆ ಬರುವ ಮುಂಚೆ, ಗುದ್ದಲಿ ಎತ್ತುವ ದಿನಕ್ಕೂ ಕಾಯದೆ, ಡ್ರಾಯರಿನ ಬೀಗ ತೆಗೆದು ಇನ್ನೊಂದು ರಿಪೋರ್ಟನ್ನು ಅವನ ಮುಂದೆ ಇಟ್ಟೆ.

“ಇದೂ ನಿಮ್ದೇ. ಓದಿ. ನಾನ್ ಚೆನ್ನಯ್ಯ ಮೇಸ್ತ್ರಿ ಮಗ್ಳ್.”

ಅವನು ಓದಲಿಲ್ಲ. ಕಾಗದದ ಮೇಲೆ ಅಂಗೈ ಇಟ್ಟುಕೊಂಡು ಕೂತ.

“ನೀವ್ ಯಾರ್ ಅಂದೇಳಿ ಸುರುವಿಗೇ ಗೊತ್ತಿದ್ದಿತ್. ಇದ್ರಗೆ ಎಂತ ಇತ್ತ್ ಅನ್ನುದೂ ಗೊತ್ತಿತ್ತ್. ಆ ಹೊಯ್ಗಿ ಲಾರಿಯೊಳ್ಗೆ ಕೂತ್ಕಂಡ್ ಬಂದದ್ದ್ ನಾನೇ. ಚೆನ್ನಯ್ಯಣ್ಣ ಒಂದ್ ಚಿಟ್ಕಿ ನಾಲ್ಗಿಗ್ ಹಾಯ್ಕಂಡ್ ಉಗುಳಿ, ‘ಉಪ್ಪಿತ್ತ್ ಮಗಾ, ತೊಳಿಯದೆ ಹಾಕುಕಾಗ ಅಂದೇಳಿ ಅಪ್ಪಯ್ಯನಿಗೆ ಹೇಳ್’ ಅಂದ್ರ್. ಹೇಳ್ದೆ. ಅಪ್ಪಯ್ಯ ಬೈದ್ರ್. ಸುಮ್ನಾದೆ.”

“ಕಟ್ಟಿ ಮೇಲ್ ನಿಮ್ಮಪ್ಪ ಕೂಗು ದಿನ?”

“ಅಲ್ಲೇ ಇದ್ದೆ. ಕರಿಯಣ್ಣ ಮೂರ್ ಎಣಿಸ್ರ್. ಬಾಯಿ ಬರ್ಲಿಲ್ಲೆ.”

ನಾನು ಎದ್ದು ನಿಂತೆ. ಕೈಯಲ್ಲಿದ್ದ ಚಾ ಲೋಟವನ್ನು ಅವನ ಮುಖಕ್ಕೆ ಎರಚಿದೆ. ಚಾ ಯಾವಾಗಲೋ ತಣ್ಣಗಾಗಿತ್ತು, ಅದೊಂದು ಅವನ ಅದೃಷ್ಟ. ಅವನು ಒರೆಸಿಕೊಳ್ಳಲೂ ಇಲ್ಲ.

“ಗೊತ್ತಿದ್ದೂ ಆರ್ ವರ್ಷ! ನನ್ನ್ ಎದ್ರ್ ಕೂತ್ಕಂಡ್ ನೆಗಿ ಆಡ್ತ್ರಿ!”

“ಬಾಯಲ್ಲ್ ಹೇಳುಕ್ ಧೈರ್ಯ ಇಲ್ದೆ ಆ ಶೆಡ್ಡಿನ್ ಕಲ್ಲನ್ನೇ ಮೊದ್ಲ್ ನಿಮ್ಮತ್ರ ತಂದೆ. ಫೇಲ್ ಆತ್ತ್ ಅಂದೇಳಿ ಗೊತ್ತಿದ್ದೇ ತಂದೆ. ಕಲ್ಲಾರೂ ಹೇಳ್ಲಿ ಅಂದೇಳಿ.”

“ಕಲ್ಲ್ ಹೇಳಿಯಾಯ್ತ್. ಇನ್ನ್ ನೀವ್ ಹೇಳಿ. ಇಲ್ಲಲ್ಲ. ಎಲ್ಲಿ ಹೇಳ್ಕೋ ಅಲ್ಲಿ.”

ಅವನ ಗಲ್ಲದಿಂದ ಚಾ ತೊಟ್ಟಿಕ್ಕುತ್ತಿತ್ತು. “ಅಪ್ಪಯ್ಯ ನನ್ನನ್ನ್ ಮನಿಯಿಂದ್ ಹೊರ್ಗ್ ಹಾಕ್ತ್ರ್,” ಎಂದ.

“ನನ್ನಪ್ಪಯ್ಯನ್ನ್ ಊರೇ ಹೊರ್ಗ್ ಹಾಕಿತ್ತ್.”

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕಟ್ಟೆ ತುಂಬಿತ್ತು. ಬೂತಾಯಿ ಮೀನು ರಾಶಿ ಬಿದ್ದಿತ್ತು. ಕೆಲಸವಿದೆ ಎಂದು ಸುಳ್ಳು ಹೇಳಿ ಅಪ್ಪಯ್ಯನನ್ನು ಕರೆದುಕೊಂಡು ಬಂದಿದ್ದೆ. ಆರು ವರ್ಷದಲ್ಲಿ ಅವರು ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ರತ್ನಾಕರ ಎಂದಿನಂತೆ ಬಿಳಿ ಪಂಚೆಯಲ್ಲಿ ಮೀನು ಆರಿಸುತ್ತಿದ್ದರು. ವಿಶಾಲ್ ಬರುವುದಿಲ್ಲ ಎಂದೇ ನನಗೆ ಅನ್ನಿಸುತ್ತಿತ್ತು. ಬರದಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು.

ಬಂದ. ಗುಂಪು ಸೀಳಿ ಕಟ್ಟೆ ಹತ್ತಿದ. ಕೈಯಲ್ಲಿ ಆ ಗಡ್ಡೆಯ ಅರ್ಧ ಹೋಳು, ಒಡೆದ ಮೈ ಬೆಳ್ಳಗೆ.

“ಸಿಮೆಂಟ್ ಯಾರೂ ಕದಿಲಿಲ್ಲೆ!” ಮೊದಲ ಕೂಗಿಗೆ ದನಿ ಒಡೆಯಿತು. ಎರಡನೆಯದಕ್ಕೆ ದೋಣಿಯಲ್ಲಿದ್ದವರೂ ತಿರುಗಿದರು. “ಚೆನ್ನಯ್ಯ ಮೇಸ್ತ್ರಿ ಬ್ಯಾಡ ಅಂದ್ ಉಪ್ಪ್ ಹೊಯ್ಗಿನ ತಂದ್ ಹಾಯ್ಕ್ಸಿದ್ ನನ್ನಪ್ಪಯ್ಯ! ಲಾರಿಯೊಳ್ಗ್ ತಂದದ್ ನಾನ್! ಶೆಡ್ ಬೀಳ್ಸದ್ ನಾವ್!”

ಮೀನು ಕೊಚ್ಚುತ್ತಿದ್ದ ಕತ್ತಿಗಳು ನಿಂತವು. ಕರಿಯಣ್ಣ ರತ್ನಾಕರನ ಕಡೆ ತಿರುಗಿ, ನಿಧಾನ, ಎಷ್ಟು ನಿಧಾನ ಎಂದರೆ ಅಂಥ ಎಣಿಕೆಯನ್ನು ನಾನು ಕೇಳಿಯೇ ಇಲ್ಲ, “ಒಂದ್” ಎಂದರು.

ರತ್ನಾಕರನ ಮುಖ ಕೆಂಪಾಯಿತು.

“ಎರಡ್.”

ಅವರ ಬಾಯಿ ತೆರೆಯಿತು. ತುಟಿ ನಡುಗಿತು. ನಾನು ಆ ತುಟಿಯನ್ನೇ ನೋಡಿದೆ, ಕಣ್ಣು ಮಿಟುಕಿಸದೆ, ಹೊಟ್ಟೆ ತುಂಬ ನೋಡಿದೆ.

“ಮೂರ್.”

ಮಾತು ನಿಂತಿತು. ರತ್ನಾಕರ ಆರಿಸಿದ ಮೀನನ್ನು ಅಲ್ಲೇ ಬಿಟ್ಟು ಗುಂಪಿನ ನಡುವೆ ಹಾದು ಹೋದರು. ಯಾರೂ ದಾರಿ ಅಡ್ಡಗಟ್ಟಲಿಲ್ಲ, ಯಾರೂ ನಮಸ್ಕಾರವನ್ನೂ ಹೇಳಲಿಲ್ಲ.

ಅಪ್ಪಯ್ಯ ಅಳುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕರಿಯಣ್ಣನ ಕಡೆ ನೋಡಿ, “ಹರಾಜ್ ಸುರು ಮಾಡಿ, ಬೂತಾಯಿ ಹಾಳಾತ್ತ್,” ಎಂದರು. ಆಮೇಲೆ ಕಟ್ಟೆಯಿಂದ ಇಳಿದ ವಿಶಾಲನನ್ನು ತಡೆದು ನಿಲ್ಲಿಸಿದರು.

“ಮರವಂತಿ ಗೋಡಿಗ್ ಹೊಯ್ಗಿ ಎಲ್ಲಿದ್?”

“ನೀವೇ ಬಂದ್ ಕಾಣ್ಕ್, ಚೆನ್ನಯ್ಯಣ್ಣ.”

ಮನೆಗೆ ಬಂದು ಅಪ್ಪಯ್ಯ ಮಾಡಿನ ಸಂದಿಯಿಂದ ಕರಣೆ ತೆಗೆದರು. ಆಗ ಅತ್ತದ್ದು ನಾನು.

ಅಪ್ಪನ ಕೆಲಸ ಕೈಬಿಟ್ಟು ವಿಶಾಲ್ ಕಂಟ್ರಾಕ್ಟನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಗೋಡೆ ಶುರು ಮಾಡಿದ. ಮಲಗುವುದು ಕೊಕ್ಕರ್ಣೆಯ ಯಾರ್ಡಿನಲ್ಲೇ. ಕೋಡಿ ಶೆಡ್ಡಿನ ಕಲ್ಲಿಗೂ ನಾನೇ ಜಾಗ ಹೇಳಿದೆ. ಉಪ್ಪಿಗೆ ವೈರ ಕಬ್ಬಿಣದ ಜೊತೆ ಮಾತ್ರ. ರಾಡಿಲ್ಲದ ಬ್ಲಾಕು ಮಾಡಿ ಗೋಡೆಯ ಮುಂದೆ ಅಲೆಗೆ ಎದುರಾಗಿ ಹಾಕಿ, ನಮ್ಮಪ್ಪಯ್ಯನ ಮಾನ ಕಳೆದ ಕಲ್ಲು ದಿನವೂ ಪೆಟ್ಟು ತಿನ್ನಲಿ ಎಂದೆ. ಹಾಗೇ ಮಾಡಿದ. ಹೆದ್ದಾರಿಯಲ್ಲಿ ಬಸ್ಸು ಹೋಗುವಾಗ ಆ ಬ್ಲಾಕುಗಳಿಗೆ ಅಲೆ ಹೊಡೆಯುವುದನ್ನು ನೋಡಿದರೆ ಇವತ್ತಿಗೂ ನನಗೆ ಖುಷಿ. ರತ್ನಾಕರನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ.

ಗೋಡೆಯ ಮೊದಲ ಕಾಂಕ್ರೀಟು ಬಿದ್ದ ದಿನ ಅವನು ಮದುವೆಯ ಮಾತು ಎತ್ತಿಯೇ ಬಿಟ್ಟ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಹೊಯ್ಗೆ ನಾಲಿಗೆಗೆ ಹಾಕಿಕೊಂಡು ಉಗುಳುತ್ತಿರುವ ನನ್ನ ಅಪ್ಪಯ್ಯ.

“ಧನ್ಯಾ, ನನ್ನನ್ನ್ ಮದಿ ಆತ್ಯಾ?”

“ನಿಮ್ಮನ್ನ್ ಟೆಸ್ಟ್ ಮಾಡ್ದೆ ಹ್ಯಾಂಗ್ ಹೇಳುದ್? ತೊಂಬತ್ತ್ ದಿನ ಕ್ಯೂರಿಂಗ್. ಅಷ್ಟ್ರೊಳ್ಗ್ ಒಂದ್ ಸುಳ್ಳ್ ಹೇಳುಕಾಗ, ಒಂದ್ ಸತ್ಯ ಮುಚ್ಚಿಡುಕಾಗ. ಆಮೇಲೆ ರಿಜಲ್ಟ್.”

“ಒಂದ್ ದಿನ ಮುಂಚೆ ಹೇಳುಕಾಗ್ದಾ?”

“ನಾನ್ ಯಾರ್ ಅಂದೇಳಿ ಗೊತ್ತಿತ್ತಲೆ?”

ಅವನು ಒಪ್ಪಿಕೊಂಡ. ದಿನವೂ ಸಂಜೆ ಐದಕ್ಕೆ ಲ್ಯಾಬಿನ ಬಾಗಿಲಿಗೆ ಬಂದು ಆ ದಿನದ ತಪ್ಪುಗಳನ್ನು ತಾನಾಗಿ ಒಪ್ಪಿಸುತ್ತಿದ್ದ. ಜಲ್ಲಿ ಒಂದು ಗಂಟೆ ಕಡಿಮೆ ನೆನೆಯಿತು. ಅಪ್ಪಯ್ಯನ ನೆನಪಾಗಿ ಊಟ ಬಿಟ್ಟೆ. ನಿಮ್ಮ ಮೇಲೆ ಸಿಟ್ಟು ಬಂತು, ಆಮೇಲೆ ಹೋಯಿತು. ನಾನು ತಲೆ ಎತ್ತದೆ ಕೇಳಿ, “ಸರಿ, ಹೋಯ್ಲಕ್ಕ್,” ಎನ್ನುತ್ತಿದ್ದೆ. ಪದ್ದಕ್ಕ ಲ್ಯಾಬಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದಳು.

ಇಪ್ಪತ್ತೆಂಟನೆಯ ಗೀಟಿನ ಸಂಜೆ ಅವನು ಬಂದಾಗ ಎಡಗೆನ್ನೆಯ ಮೇಲೆ ಮತ್ತೆ ಒಣಗಿದ ಸಿಮೆಂಟು.

“ಇವತ್ತ್ ತಪ್ಪೆಂತ?” ಕೇಳಿದೆ.

“ಒಂದೇ. ಇಡೀ ದಿನ ಐದ್ ಗಂಟಿ ಆಪ್ದನ್ನೇ ಕಾಯ್ತಿದ್ದೆ.”

ನಾನು ಎದ್ದು ಹೋಗಿ ಹೆಬ್ಬೆರಳಿನಿಂದ ಅವನ ಕೆನ್ನೆಯ ಸಿಮೆಂಟನ್ನು ಉಜ್ಜಿ ತೆಗೆದೆ.

“ಪಾಸ್,” ಎಂದೆ.

ಇನ್ನೂ ಅರವತ್ತೆರಡು ದಿನ ಬಾಕಿಯಿತ್ತು. ಅವಧಿಗೆ ಮುಂಚೆ ನಾನು ರಿಜಲ್ಟು ಕೊಟ್ಟದ್ದು ಅದೊಂದೇ.